ತುಂಬಾ ದಿನದಿಂದ ಬಾರದ ನಂಬರು ಈ ಸಲ ಬರಲೇಬೇಕಲ್ವಾ ಸಾರ್?

ಪ್ರಶ್ನೆ: ಶಬರಿಮಲೆಗೆ ಹೋದಾಗಲೆಲ್ಲ ಕೇರಳ ಲಾಟರಿ ತರ್ತೀನಿ ಸಾರ್. ಡ್ರಾ ಆದ ನಂಬರುಗಳನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದೀನಿ. ಕೊನೇಲಿ 48 ಬಂದು ತುಂಬಾ ದಿನ ಆಯ್ತು. ಈ ಸಲ ಅದಕ್ಕೇ ಚಾನ್ಸ್ ಜಾಸ್ತಿ ಅಲ್ವಾ? (ಹೊಸನಗರದ ಓದುಗರೊಬ್ಬರು)

ಉತ್ತರ: ಇಲ್ಲ. ಒಂದಿಷ್ಟೂ ಜಾಸ್ತಿ ಇಲ್ಲ.

ಇದೇ ಪ್ರಶ್ನೆ ಸಾಗರದಿಂದ, ಭದ್ರಾವತಿಯಿಂದ, ಶಿಕಾರಿಪುರದಿಂದ ನಂಬರು ಮಾತ್ರ ಬದಲಾಯಿಸಿಕೊಂಡು ಬರುತ್ತಲೇ ಇದೆ. ಲಾಟರಿಯವರು ಕೊನೆಯ ಅಂಕಿ ಕೇಳುತ್ತಾರೆ, ಓಸಿ (ಮಟ್ಕಾ) ಆಡುವವರು ಜೋಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಎರಡು ಸಾಲು ಬರೆದು ಸಾಕಾಗಿದೆ. ಎರಡು ಸಾಲಿಗೆ ಈ ನಂಬಿಕೆ ಅಲುಗಾಡುವುದೂ ಇಲ್ಲ. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ.

00ಯಿಂದ 99ರವರೆಗೆ ನೂರು ಜೋಡಿಗಳು. ನ್ಯಾಯವಾದ ಡ್ರಾದಲ್ಲಿ 48 ಬರುವ ಸಾಧ್ಯತೆ ನೂರಕ್ಕೆ ಒಂದು. ನಿನ್ನೆ ತಾನೇ ಬಂದಿದ್ದರೂ ನೂರಕ್ಕೆ ಒಂದು, ಮೂರು ವರ್ಷದಿಂದ ಮುಖ ತೋರಿಸದಿದ್ದರೂ ನೂರಕ್ಕೆ ಒಂದು. ಅಂದಹಾಗೆ, ಕೇರಳ ಲಾಟರಿಯ ಸಣ್ಣ ಬಹುಮಾನಗಳಿಗೂ ಕೊನೆಯ ನಾಲ್ಕು ಅಂಕಿ ಕೂಡಿ ಬರಬೇಕು. ಅಲ್ಲಿ ಒಂದೊಂದು ಸಂಖ್ಯೆಯ ಪಾಲು ಹತ್ತು ಸಾವಿರಕ್ಕೆ ಒಂದು.

"ಹಾಗಾದ್ರೆ ನನ್ನ ನೋಟ್‌ಬುಕ್ ಸುಳ್ಳಾ?" ಅಂತ ಕೇಳುತ್ತೀರಿ. ನೋಟ್‌ಬುಕ್ ಸುಳ್ಳಲ್ಲ, ಅದನ್ನು ಓದುವ ರೀತಿ ತಪ್ಪು. ನೂರು ಡ್ರಾ ಆದಮೇಲೆ ನೂರು ಜೋಡಿಗಳೂ ಒಂದೊಂದು ಸಲ ಬಂದಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಆಗುವುದೇ ಬೇರೆ. ಒಂದು ಜೋಡಿ ಒಂದು ಡ್ರಾದಲ್ಲಿ ಬಾರದಿರುವ ಸಾಧ್ಯತೆ 0.99. ಅದನ್ನು ಅದರಿಂದಲೇ ನೂರು ಸಲ ಗುಣಿಸಿ ನೋಡಿ, ಸುಮಾರು 0.37 ಉಳಿಯುತ್ತದೆ. ಅಂದರೆ ನೂರು ಡ್ರಾ ಮುಗಿದರೂ ಸರಾಸರಿ 37 ಜೋಡಿಗಳು ಒಮ್ಮೆಯೂ ಬಂದಿರುವುದಿಲ್ಲ. ಇನ್ನೂರು ಡ್ರಾ ಆದರೂ ಹದಿಮೂರು, ಮುನ್ನೂರಾದರೂ ಐದು ಬಾಕಿ. ಯಾರ ಮೋಸವೂ ಇಲ್ಲದೆ, ಯಾವ ಗುಟ್ಟೂ ಇಲ್ಲದೆ, ಎಲ್ಲ ನೋಟ್‌ಬುಕ್ಕುಗಳಲ್ಲೂ "ತುಂಬಾ ದಿನದಿಂದ ಬಾರದ ನಂಬರು" ಇದ್ದೇ ಇರುತ್ತದೆ.

ಇಷ್ಟು ಹೇಳಿದರೂ ಜನ ತಲೆಯಾಡಿಸಿ ಮತ್ತೆ ಅದೇ ನಂಬರಿಗೆ ದುಡ್ಡು ಹಾಕುತ್ತಾರೆ. ಅವರು ದಡ್ಡರಲ್ಲ. ಈ ನಂಬಿಕೆಗೆ ಒಂದು ಒಳ್ಳೆಯ ಮೂಲವಿದೆ: ನಮ್ಮ ಕಡೆಯ ಚೀಟಿ. ಇಪ್ಪತ್ತು ಜನ ಸೇರಿ ತಿಂಗಳಿಗೆ ಸಾವಿರ ಹಾಕುತ್ತೀರಿ, ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಒಂದನ್ನು ಎತ್ತುತ್ತೀರಿ. ಹೆಸರು ಬಂದವರ ಚೀಟಿ ಮತ್ತೆ ಡಬ್ಬಿಗೆ ಹೋಗುವುದಿಲ್ಲ. ಮೊದಲ ತಿಂಗಳು ನಿಮ್ಮ ಸಾಧ್ಯತೆ ಇಪ್ಪತ್ತಕ್ಕೆ ಒಂದು. ಹತ್ತು ತಿಂಗಳು ಬಾರದಿದ್ದರೆ ಹತ್ತಕ್ಕೆ ಒಂದು. ಹತ್ತೊಂಬತ್ತು ತಿಂಗಳು ಕಾದವರಿಗೆ ಕೊನೆಯ ತಿಂಗಳು ಗ್ಯಾರಂಟಿ. ಇಲ್ಲಿ ಕಾದಷ್ಟೂ ಪಾಳಿ ಹತ್ತಿರ ಬರುತ್ತದೆ ಅನ್ನುವುದು ನೂರಕ್ಕೆ ನೂರು ನಿಜ. ಲಾಟರಿಯಲ್ಲಿ ಹಾಗಲ್ಲ. ನಿನ್ನೆ ಬಂದ ಅಂಕಿಯೂ ಇವತ್ತಿನ ಡ್ರಾದಲ್ಲಿ ಹಾಗೇ ಇರುತ್ತದೆ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ವಾಪಸ್ ಡಬ್ಬಿಗೆ ಹಾಕಿ ಕಲಕಿದ ಹಾಗೆ. ಹಾಗೆ ಮಾಡಿದರೆ ನಿಮ್ಮ ಸಂಘದಲ್ಲಿ ಜಗಳವಾಗುತ್ತದೆ, ಯಾಕೆಂದರೆ ಕೆಲವರಿಗೆ ಮೂರು ಸಲ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಲಾಟರಿ ನಡೆಯುವುದೇ ಹಾಗೆ. ಮುಂದೆ ಯಾರಾದರೂ ಇಂಥ ಲೆಕ್ಕ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಎತ್ತಿದ್ದು ವಾಪಸ್ ಹೋಗುತ್ತದೋ ಇಲ್ಲವೋ? ಶಾಲೆಯಲ್ಲಿ ಸಂಭವನೀಯತೆ ಪಾಠ ಮಾಡುವಾಗ ಈ ಒಂದು ವ್ಯತ್ಯಾಸ ಹಿಡಿದ ಮಕ್ಕಳು ಆಮೇಲೆ ಯಾವ ಲೆಕ್ಕಕ್ಕೂ ಹೆದರಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ವಾದವಿದೆ, ಓದಿದವರೇ ಹೇಳುವುದು: "ಕೊನೆಗೆ ಎಲ್ಲ ಸರಾಸರಿಗೆ ಬರಬೇಕಲ್ಲ?" ಬರುತ್ತದೆ, ಆದರೆ ಹಳೆಯ ಬಾಕಿ ತೀರಿಸಿ ಅಲ್ಲ. ನಾಣ್ಯ ಚಿಮ್ಮಿದಾಗ ಮೊದಲ ಹತ್ತೂ ಹೆಡ್ ಬಂತು ಅಂದುಕೊಳ್ಳಿ. ಮುಂದಿನ ಸಾವಿರದಲ್ಲಿ ನಿರೀಕ್ಷೆ ಐನೂರು ಹೆಡ್. ಒಟ್ಟು 1010ಕ್ಕೆ 510, ಶೇ. 50.5. ಹತ್ತು ಸಾವಿರ ಚಿಮ್ಮಿದರೆ ಶೇ. 50.05. ಆ ಹೆಚ್ಚುವರಿ ಹತ್ತನ್ನು ಸರಿದೂಗಿಸಲು ಟೇಲ್ ಹೆಚ್ಚಾಗಿ ಬೀಳಬೇಕಾಗಿಲ್ಲ. ದೊಡ್ಡ ಸಂಖ್ಯೆಯ ಮುಂದೆ ಆ ಹತ್ತು ಲೆಕ್ಕಕ್ಕೇ ಸಿಗದಷ್ಟು ಸಣ್ಣದಾಗುತ್ತದೆ, ಅಷ್ಟೇ.

ಇದನ್ನು ನಂಬದೆ ಇಡೀ ಒಂದು ದೇಶ ಪಾಡು ಪಟ್ಟಿದೆ. ಇಟಲಿಯ ಸರ್ಕಾರಿ ಲಾಟರಿಯಲ್ಲಿ ಊರಿಗೊಂದು ಡ್ರಾ, ತೊಂಬತ್ತು ನಂಬರುಗಳಲ್ಲಿ ಐದನ್ನು ಎತ್ತುತ್ತಾರೆ. ವೆನಿಸ್‌ನ ಡ್ರಾದಲ್ಲಿ 53 ಸುಮಾರು ಎರಡು ವರ್ಷ, 182 ಡ್ರಾ, ಬರಲೇ ಇಲ್ಲ. ಇನ್ನೇನು ಬಂದೇ ಬರುತ್ತದೆ ಎಂದು ಜನ ಪ್ರತಿ ವಾರ ದುಡ್ಡು ಹೆಚ್ಚಿಸುತ್ತಾ ಹೋದರು. ಸಂಸಾರದ ಉಳಿತಾಯ ಹೋಯಿತು, ಸಾಲವಾಯಿತು, ಆತ್ಮಹತ್ಯೆಗಳೂ ಆದವು. ನೂರಾರು ಕೋಟಿ ಯೂರೋ ಮುಳುಗಿದ ಮೇಲೆ 2005ರ ಫೆಬ್ರವರಿಯಲ್ಲಿ 53 ಬಂತು. ಆ ದಿನವೂ ಅದರ ಸಾಧ್ಯತೆ ಹದಿನೆಂಟಕ್ಕೆ ಒಂದೇ ಆಗಿತ್ತು, ಮೊದಲ ದಿನ ಇದ್ದಷ್ಟೇ.

ಬಂಪರ್ ಲೆಕ್ಕ ಬೇಗ ಮುಗಿಸುತ್ತೇನೆ. 2024ರ ಓಣಂ ಬಂಪರ್‌ನಲ್ಲಿ 500 ರೂಪಾಯಿಯ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು. 25 ಕೋಟಿ ಬಂದದ್ದು ಒಂದಕ್ಕೆ. ಅದು ಮಂಡ್ಯ ಜಿಲ್ಲೆಯವರೊಬ್ಬರ ಪಾಲಾಯಿತು ಎಂಬ ಸುದ್ದಿ ಬಂದಮೇಲೆ ನನಗೆ ಬರುವ ಪ್ರಶ್ನೆಗಳೂ ಹೆಚ್ಚಾದವು. ಎರಡು ಟಿಕೆಟ್ ತಗೊಂಡರೆ ಸಾಧ್ಯತೆ ಎರಡರಷ್ಟಾಗುವುದು ನಿಜ: 70 ಲಕ್ಷಕ್ಕೆ ಎರಡು. ಬಂದ ದುಡ್ಡಲ್ಲೂ ಶೇ. 10 ಏಜೆಂಟರ ಕಮಿಷನ್, ಉಳಿದದ್ದಕ್ಕೆ ಶೇ. 30 ಆದಾಯ ತೆರಿಗೆ, ಅದರ ಮೇಲೆ ಸರ್‌ಚಾರ್ಜ್, ಸೆಸ್. ಓಸಿಯ ಲೆಕ್ಕ ಇನ್ನೂ ಸರಳ. ನೂರು ಜೋಡಿಗಳಲ್ಲಿ ಒಂದು, ಗೆದ್ದರೆ ರೂಪಾಯಿಗೆ ಎಪ್ಪತ್ತು. ನೂರು ಜೋಡಿಗೂ ಒಂದೊಂದು ರೂಪಾಯಿ ಹಾಕಿದರೆ ಮೂವತ್ತು ರೂಪಾಯಿ ಹೋಗುವುದು ಖಂಡಿತ. ಅದೂ ನಂಬರು ನ್ಯಾಯವಾಗಿ ಎತ್ತಿದ್ದರೆ, ಮತ್ತು ಎತ್ತುವುದನ್ನು ನೀವ್ಯಾರೂ ಕಂಡಿಲ್ಲ. ಓಸಿ ಅಪರಾಧ. ನಮ್ಮ ರಾಜ್ಯದಲ್ಲಿ ಲಾಟರಿ ಮಾರಾಟವೂ 2007ರಿಂದ ನಿಂತಿದೆ. ವಾಟ್ಸಾಪ್‌ನಲ್ಲಿ "ಕೇರಳ ಲಾಟರಿ ಆನ್‌ಲೈನ್" ಅಂತ ಬಂದರೆ ಅದು ಮೋಸ. ಕೇರಳ ಸರ್ಕಾರ ಮಾರುವುದು ಕಾಗದದ ಟಿಕೆಟ್ ಮಾತ್ರ.

ಯಾರೂ ಕೇಳದ ಒಂದು ಮಾತು ಹೇಳಬೇಕು. ಲಾಟರಿಯಲ್ಲಿ ಈ ತಪ್ಪಿಗೆ ದುಡ್ಡು ಹೋಗುತ್ತದೆ. ಮನೆಗಳಲ್ಲಿ ಇದೇ ತಪ್ಪನ್ನು ಹೆಣ್ಣುಮಕ್ಕಳ ಮೇಲೆ ಹೇರುತ್ತಾರೆ. "ಎರಡು ಹೆಣ್ಣಾಯ್ತು, ಇನ್ನೊಂದು ಸಲ ನೋಡೇ, ಈ ಸಲ ಗಂಡೇ" ಅನ್ನುವುದನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಮೂರೂ ಹೆಣ್ಣಾಗುವುದು ಎಂಟಕ್ಕೆ ಒಂದು ಅನ್ನುವುದು ಮೊದಲ ಹೆರಿಗೆಗೂ ಮುಂಚಿನ ಲೆಕ್ಕ. ಎರಡು ಹೆಣ್ಣು ಹುಟ್ಟಿಯಾದ ಮೇಲೆ ಮೂರನೆಯದು ಹೆಣ್ಣಾಗುವ ಸಾಧ್ಯತೆ ಮತ್ತೆ ಹೆಚ್ಚುಕಡಿಮೆ ಅರ್ಧ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ಎಕ್ಸ್ ಅಥವಾ ವೈ ಕ್ರೋಮೋಸೋಮಿನಿಂದ ಆಗುವಂಥದು. ಹಿಂದಿನ ಹೆರಿಗೆಗಳು ಅದಕ್ಕೆ ಏನನ್ನೂ ಹೇಳಿಕೊಡುವುದಿಲ್ಲ. ಸೊಸೆಯನ್ನು ದೂರುವವರು ಈ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದಬೇಕು.

"ರಾಶಿ ಅಡಿಕೆ ರೇಟು ಇಷ್ಟು ದಿನ ಇಳಿದಿದೆ, ಇನ್ನು ಏರಲೇಬೇಕಲ್ವಾ" ಎಂದು ತೀರ್ಥಹಳ್ಳಿಯಿಂದ ಕೇಳಿದವರಿಗೆ: ಅದು ಡ್ರಾ ಅಲ್ಲ. ದಾಸ್ತಾನು, ಆಮದು, ವ್ಯಾಪಾರಸ್ಥರ ಖರೀದಿ ಎಲ್ಲಕ್ಕೂ ನಿನ್ನೆಯ ರೇಟಿನ ಜತೆ ಸಂಬಂಧವಿದೆ. ಅದನ್ನು ಮುಂದಿನ ಸಲ ಬೇರೆಯಾಗಿ ಬರೆಯುತ್ತೇನೆ.