ಯಂತ್ರ ‘ಇಲ್ಲ’ ಎಂದಾಗ ಆದೇಶ ಬರೆಯಬೇಕಾದವರು ಯಾರು?

ಮೇಲ್ಮನವಿ ಸಲ್ಲಿಸಬೇಕಾದರೆ ಮೊದಲು ಒಂದು ಆದೇಶ ಇರಬೇಕು. ಆದೇಶದ ಮೇಲೆ ದಿನಾಂಕವಿರುತ್ತದೆ, ಅಧಿಕಾರಿಯ ಸಹಿಯಿರುತ್ತದೆ, ಕಾರಣವಿರುತ್ತದೆ. ಆ ದಿನಾಂಕದಿಂದ ಕಾಲಮಿತಿಯ ಎಣಿಕೆ ಶುರುವಾಗುತ್ತದೆ, ಆ ಸಹಿಯಿಂದ ಎದುರುದಾರರು ಯಾರೆಂಬುದು ತಿಳಿಯುತ್ತದೆ, ಆ ಕಾರಣ ಸರಿಯೋ ತಪ್ಪೋ ಎಂಬುದರ ಮೇಲೆ ವಾದ ನಡೆಯುತ್ತದೆ. ರಾಯಚೂರು ಜಿಲ್ಲೆಯಲ್ಲಿ ವಕೀಲಿ ವೃತ್ತಿ ಮಾಡುತ್ತ, ಕಾನೂನು ನೆರವು ಕೇಳಿ ಬರುವ ಕೂಲಿಕಾರರ ಮತ್ತು ಸಣ್ಣ ರೈತರ ಕಾಗದಪತ್ರ ನೋಡುತ್ತಿರುವ ನನಗೆ ಈಚಿನ ವರ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕಾಗಿ ಕಾಣುತ್ತಿರುವುದು, ಸೌಲಭ್ಯ ನಿಂತುಹೋಗಿದ್ದರೂ ಅದನ್ನು ನಿಲ್ಲಿಸಿದ ಆದೇಶ ಯಾವ ಕಡತದಲ್ಲಿಯೂ ಇಲ್ಲದಿರುವುದು. ಪಡಿತರ ನಿಂತಿರುತ್ತದೆ, ಪಿಂಚಣಿ ನಿಂತಿರುತ್ತದೆ, ಬೆಳೆ ವಿಮೆ ತಿರಸ್ಕೃತವಾಗಿರುತ್ತದೆ. ಕೇಳಲು ಹೋದವರಿಗೆ ಸಿಗುವ ಉತ್ತರ ಬಹುತೇಕ ಒಂದೇ: “ಸಿಸ್ಟಮ್‌ನ್ಯಾಗ ಹಂಗ ತೋರಸ್ತೈತಿ ಯವ್ವಾ, ನಮ್ಮ ಕೈಯಾಗ ಏನೂ ಇಲ್ಲ.”

ಹೀಗೆ ಹೇಳುವ ಸಿಬ್ಬಂದಿ ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ನನ್ನ ಆಕ್ಷೇಪ ಅಲ್ಲಿಂದಲೇ ಆರಂಭವಾಗುತ್ತದೆ. ಜನರಿಗೆ ಎದುರಾಗಿ ಕೂತ ವ್ಯಕ್ತಿಗೆ ತೀರ್ಮಾನದ ಅಧಿಕಾರವಿಲ್ಲ, ತೀರ್ಮಾನವಾದ ಕಡೆ ಎದುರಿಗೆ ವ್ಯಕ್ತಿಯೇ ಇಲ್ಲ ಎಂದಾದ ಮೇಲೆ, ಕಾನೂನು ಕೊಟ್ಟಿರುವ ಪರಿಹಾರದ ದಾರಿಗಳೆಲ್ಲ ಪುಸ್ತಕದಲ್ಲಿ ಹಾಗೆಯೇ ಉಳಿದು, ಬಳಸಬೇಕಾದವರಿಗೆ ದಕ್ಕದೆ ಹೋಗುತ್ತವೆ.

ಗೃಹಲಕ್ಷ್ಮಿ ಯೋಜನೆಯನ್ನೇ ನೋಡೋಣ. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಈ ಯೋಜನೆಗೆ 2023ರ ಆಗಸ್ಟ್‌ನಲ್ಲಿ ಚಾಲನೆ ದೊರೆಯಿತು. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಪಾವತಿದಾರರಾಗಿದ್ದರೆ ಹಣ ಬರುವುದಿಲ್ಲ. ನಿಯಮದಲ್ಲಿ ದೋಷವಿಲ್ಲ. ಆದರೆ ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಹೆಣ್ಣುಮಗಳೊಬ್ಬಳು ತೆರಿಗೆ ಪಾವತಿದಾರಳೆಂದು ಕಂಪ್ಯೂಟರ್‌ನಲ್ಲಿ ತೋರಿಸಿದರೆ ಆಕೆ ಯಾರ ಬಳಿ ಹೋಗಬೇಕು? ಅಂಗನವಾಡಿ ಮೇಲ್ವಿಚಾರಕಿಯವರು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಯನ್ನು ತೋರಿಸುತ್ತಾರೆ, ಅಲ್ಲಿಯವರು ತೆರಿಗೆ ಇಲಾಖೆಯನ್ನು ತೋರಿಸುತ್ತಾರೆ. ತೆರಿಗೆ ಇಲಾಖೆಗೆ ಆಕೆ ಗೊತ್ತೇ ಇಲ್ಲ. ಪ್ಯಾನ್ ಸಂಖ್ಯೆ ತಪ್ಪು ಜೋಡಣೆಯಾಗಿದೆಯೋ, ಯಾರೋ ಆಕೆಯ ದಾಖಲೆ ಬಳಸಿ ಅಂಗಡಿ ನೋಂದಾಯಿಸಿದ್ದಾರೋ, ಹೆಸರಿನ ಹೋಲಿಕೆಯಿಂದ ಹೀಗಾಯಿತೋ ಎಂಬುದನ್ನು ಕಂಡುಹಿಡಿಯುವ ಕೆಲಸವೆಲ್ಲ ದಿನಗೂಲಿ ಬಿಟ್ಟು ಬಂದ ಆಕೆಯ ತಲೆಯ ಮೇಲೆ ಬೀಳುತ್ತದೆ. ತಾನು ಏನಲ್ಲ ಎಂಬುದನ್ನು ಸಾಬೀತುಪಡಿಸುವುದು ನ್ಯಾಯಾಲಯದಲ್ಲಿಯೇ ಕಷ್ಟ. ಯಾವ ದಾಖಲೆಯ ಆಧಾರದಲ್ಲಿ ತನ್ನನ್ನು ಹಾಗೆ ಕರೆಯಲಾಗಿದೆ ಎಂಬುದೂ ಗೊತ್ತಿಲ್ಲದೆ ಅದನ್ನು ಮಾಡುವುದು ಅಸಾಧ್ಯ.

ಪಡಿತರದ ವಿಷಯದಲ್ಲಿ ತೊಂದರೆ ಬೆರಳಿನಿಂದಲೇ ಶುರುವಾಗುತ್ತದೆ. ಸಂಡೂರಿನ ಗಣಿಯಲ್ಲಿ ಕಲ್ಲು ಹೊತ್ತವರ, ಗಂಗಾವತಿ–ಸಿಂಧನೂರಿನ ಗದ್ದೆಗಳಲ್ಲಿ ವರ್ಷಗಟ್ಟಲೆ ನೀರಿನಲ್ಲಿ ನಿಂತು ನಾಟಿ ಮಾಡಿದವರ ಹೆಬ್ಬೆಟ್ಟಿನ ಗೆರೆಗಳು ಸವೆದಿರುತ್ತವೆ, ವಯಸ್ಸಾದವರಲ್ಲಿ ಇನ್ನಷ್ಟು. ಆಧಾರ್‌ನಲ್ಲಿರುವ ಬೆರಳಚ್ಚಿಗೆ ಅದು ತಾಳೆಯಾಗದಿದ್ದರೆ ಅಂಗಡಿಯ ಯಂತ್ರ ಒಪ್ಪುವುದಿಲ್ಲ. ಗುಳೆ ಹೋದ ಕುಟುಂಬಗಳ ಕಷ್ಟ ಬೇರೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಇ-ಕೆವೈಸಿಗೆ ಗಡುವಿನೊಳಗೆ ಹೆಬ್ಬೆಟ್ಟು ಕೊಡಲು ಆಗದಿದ್ದರೆ, ಚೀಟಿಯಲ್ಲಿ ಹೆಸರು ಉಳಿಯುತ್ತದೆಯೇ ಎಂಬ ಆತಂಕದಲ್ಲಿಯೇ ದಿನ ದೂಡುತ್ತಾರೆ.

ಇಲ್ಲಿ ಕಾನೂನು ಮೌನವಾಗಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆಧಾರ್ ಯೋಜನೆಯ ಸಿಂಧುತ್ವವನ್ನು ಪ್ರಶ್ನಿಸಿದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 26ರಂದು ತೀರ್ಪು ನೀಡಿ, ನಾಲ್ವರ ಬಹುಮತದಿಂದ ಸರ್ಕಾರಿ ಸೌಲಭ್ಯಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿಯಿತು. ಆದರೆ ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೆ ಅರ್ಹರಾದ ಯಾರಿಗೂ ಸೌಲಭ್ಯ ನಿರಾಕರಿಸುವುದಿಲ್ಲ ಎಂದು ಅಟಾರ್ನಿ ಜನರಲ್ ನೀಡಿದ ಹೇಳಿಕೆಯನ್ನೂ ಅದೇ ಬಹುಮತದ ತೀರ್ಪು ದಾಖಲಿಸಿಕೊಂಡಿದೆ. ಅದಕ್ಕೂ ಮೊದಲೇ, 2017ರ ಅಕ್ಟೋಬರ್‌ನಲ್ಲಿ, ಬೆರಳಚ್ಚು ತಾಳೆಯಾಗದಿದ್ದರೆ ಬೇರೆ ವಿಧಾನದಲ್ಲಿ ಗುರುತು ಖಚಿತಪಡಿಸಿಕೊಂಡು, ಅದನ್ನು ವಹಿಯಲ್ಲಿ ನಮೂದಿಸಿ ಪಡಿತರ ಕೊಡಬೇಕೆಂದು ಕೇಂದ್ರದಿಂದ ಸುತ್ತೋಲೆ ಹೊರಟಿದೆ. ಅಂದರೆ ಯಂತ್ರ ಒಪ್ಪದಿದ್ದಾಗ ಏನು ಮಾಡಬೇಕೆಂಬುದು ತೀರ್ಮಾನವಾಗಿ ವರ್ಷಗಳೇ ಕಳೆದಿವೆ. ಹಾಗೆ ಕೊಡಲಿಲ್ಲವೆಂಬುದನ್ನು ತೋರಿಸಲು ಮಾತ್ರ ಫಲಾನುಭವಿಯ ಬಳಿ ಒಂದು ತುಂಡು ಕಾಗದವೂ ಇರುವುದಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ ಇದ್ದಾರೆ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಅರ್ಹರಿಗೆ ಧಾನ್ಯ ಕೊಡದಿದ್ದರೆ ಅದಕ್ಕೆ ಬದಲಾಗಿ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 8ನೇ ಕಲಂ ಹೇಳುತ್ತದೆ. ಜಿಲ್ಲಾ ಅಧಿಕಾರಿ ಶಿಫಾರಸು ಮಾಡಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರರಿಗೆ ಆಯೋಗವು 5,000 ರೂಪಾಯಿವರೆಗೆ ದಂಡ ಹಾಕಬಹುದೆಂದು 33ನೇ ಕಲಂನಲ್ಲಿದೆ. ಇಷ್ಟೆಲ್ಲ ಇದ್ದರೂ ದೂರುದಾರರು ಮೊದಲು ರುಜುವಾತು ಮಾಡಬೇಕಾದದ್ದು ತಾವು ಆ ತಿಂಗಳು ನ್ಯಾಯಬೆಲೆ ಅಂಗಡಿಗೆ ಹೋಗಿದ್ದರೆಂಬುದನ್ನು. ಧಾನ್ಯ ಪಡೆದವರಿಗೆ ರಸೀದಿ ಬರುತ್ತದೆ, ಬರಿಗೈಯಲ್ಲಿ ಮರಳಿದವರಿಗೆ ಏನೂ ಬರುವುದಿಲ್ಲ. ಧಾನ್ಯ ಕೊಟ್ಟಾಗ ರಸೀದಿ ಮುದ್ರಿಸುವ ಯಂತ್ರಕ್ಕೆ, ಕೊಡದಿದ್ದಾಗ “ಇಂಥ ದಿನ, ಇಂಥ ಕಾರಣಕ್ಕೆ ಕೊಡಲಾಗಲಿಲ್ಲ” ಎಂದು ಮುದ್ರಿಸುವುದು ಕಷ್ಟದ ಕೆಲಸವಲ್ಲ. ಯಾರೂ ಅದನ್ನು ಮಾಡಿಸಿಲ್ಲ, ಅಷ್ಟೇ.

ಸಕಾಲದ ಕಥೆಯೂ ಇದೇ. 2011ರ ನಾಗರಿಕ ಸೇವಾ ಖಾತರಿ ಕಾಯ್ದೆ ನಮ್ಮ ರಾಜ್ಯ ಹೆಮ್ಮೆಪಡಬೇಕಾದ ಶಾಸನ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಗಳ ಸಂಖ್ಯೆ ಸಿಗುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ಈ ಗಡಿಯಾರ ಓಡಲು ಆರಂಭಿಸುವುದು ಸಂಖ್ಯೆ ಬಂದ ಮೇಲೆ. ನಾಡಕಚೇರಿಯಲ್ಲಿ ತಂತ್ರಾಂಶವೇ ಅರ್ಜಿಯನ್ನು ತೆಗೆದುಕೊಳ್ಳದಿದ್ದರೆ ಸಂಖ್ಯೆ ಹುಟ್ಟುವುದಿಲ್ಲ, ತಡವೂ ಆಗುವುದಿಲ್ಲ, ಅಂಕಿ-ಅಂಶಗಳಲ್ಲಿ ಆ ವ್ಯಕ್ತಿ ಇರುವುದೇ ಇಲ್ಲ. ಆದ್ದರಿಂದ ನನ್ನ ಬಳಿ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇಷ್ಟು: ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಟಪಾಲು ವಿಭಾಗದಲ್ಲಿ ಕೊಡಿ, ಎರಡನೇ ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ, ಒಪ್ಪದಿದ್ದರೆ ಅಂಚೆಯಲ್ಲಿ ನೋಂದಾಯಿಸಿ ಕಳಿಸಿ ಚೀಟಿ ಇಟ್ಟುಕೊಳ್ಳಿ. ಮುಂದೆ ಯಾವ ಪ್ರಾಧಿಕಾರದ ಮುಂದೆ ಹೋದರೂ ಆ ಮುದ್ರೆಯೇ ಪ್ರಕರಣದ ಆಧಾರವಾಗುತ್ತದೆ.

ಪಹಣಿಯ ವಿಷಯಕ್ಕೆ ಬಂದರೆ ಮಾತು ಇನ್ನೂ ಗಂಭೀರವಾಗುತ್ತದೆ. ‘ಭೂಮಿ’ ಯೋಜನೆ ಬರುವ ಮೊದಲು ಕೈಬರಹದ ಪಹಣಿ ಗ್ರಾಮ ಲೆಕ್ಕಿಗರ ಚೀಲದಲ್ಲಿತ್ತು. ಅದನ್ನು ಪಡೆಯಲು ರೈತರು ಎಷ್ಟು ಅಲೆದಿದ್ದಾರೆ, ಏನೇನು ಕೊಟ್ಟಿದ್ದಾರೆ ಎಂಬುದು ಈ ಭಾಗದ ಹಿರಿಯರಿಗೆ ಗೊತ್ತು. ಆ ಕಾಲ ಮರಳಬೇಕೆಂದು ನಾನು ಬಯಸುವುದಿಲ್ಲ. ಗಣಕೀಕರಣದಿಂದ ನಿಜವಾದ ಉಪಕಾರವಾಗಿದೆ. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಹಕ್ಕುದಾಖಲೆಯಲ್ಲಿನ ನಮೂದು ತಪ್ಪೆಂದು ರುಜುವಾಗುವವರೆಗೆ ಅದು ಸರಿಯೆಂದೇ ಭಾವಿಸಬೇಕು. ತಲಾಟಿ, ಕಂದಾಯ ನಿರೀಕ್ಷಕರು ಹೊಲಕ್ಕೆ ಬಂದು, ಪಂಚರ ಮುಂದೆ ವಿಚಾರಿಸಿ ಬರೆದ ನಮೂದಿಗೆ ಈ ಗೌರವ ಸಲ್ಲುವುದು ನ್ಯಾಯ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಯಾರೋ ಅವಸರದಲ್ಲಿ ಪಕ್ಕದ ಹೊಲದ ಫೋಟೊ ತೆಗೆದು ಹತ್ತಿಯ ಜಾಗದಲ್ಲಿ ತೊಗರಿ ಎಂದು ಏರಿಸಿದ ನಮೂದಿಗೂ ಅದೇ ಗೌರವ ಕೊಡಬೇಕೇ? ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ವಿಮಾ ಪರಿಹಾರ ತಿರಸ್ಕಾರವಾಗುತ್ತದೆ. ರೈತರಿಗೆ ಅದು ಗೊತ್ತಾಗುವ ಹೊತ್ತಿಗೆ ಹೊಲದಲ್ಲಿ ಆ ಬೆಳೆಯೇ ಇರುವುದಿಲ್ಲ. ಸಾಕ್ಷ್ಯ ನಾಶವಾದ ಮೇಲೆ ಸಾಬೀತಿನ ಹೊಣೆಯನ್ನು ದುರ್ಬಲರ ಮೇಲೆ ಹೊರಿಸುವ ಈ ಕ್ರಮವನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಕಂಪ್ಯೂಟರ್ ಹೇಳಿದ್ದೇ ಸರಿಯೆಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ ಎಲ್ಲ ವಕೀಲರೂ ಓದಬೇಕಾದದ್ದು. ಅಲ್ಲಿ ‘ಹೊರೈಜನ್’ ಎಂಬ ಲೆಕ್ಕಪತ್ರ ತಂತ್ರಾಂಶ ತೋರಿಸಿದ ಕೊರತೆಯನ್ನು ನಂಬಿ, 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆ ಪಾಲಕರನ್ನು ಕಳ್ಳತನ, ಸುಳ್ಳು ಲೆಕ್ಕದ ಆರೋಪಗಳಲ್ಲಿ ಶಿಕ್ಷೆಗೊಳಪಡಿಸಲಾಯಿತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಭಾವಿಸುವ ನಿಯಮ ಅಲ್ಲಿನ ಸಾಕ್ಷ್ಯ ಕಾನೂನಿನಲ್ಲಿತ್ತು. ಹಾಗಾಗಿ ಅದು ತಪ್ಪೆಂದು ತೋರಿಸುವ ಹೊಣೆ, ತಂತ್ರಾಂಶದ ಒಳಗು ನೋಡಲು ಅವಕಾಶವೇ ಇಲ್ಲದ ಆರೋಪಿಗಳ ಮೇಲೆ ಬಿತ್ತು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಕೊನೆಗೆ 2024ರಲ್ಲಿ ಸಂಸತ್ತೇ ಕಾಯ್ದೆ ಮಾಡಿ ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು.

ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ತೆಲಂಗಾಣದಲ್ಲಿಯೂ ಇಂಥದ್ದೇ ನಡೆದಿದೆ. ಅಲ್ಲಿ ಬೇರೆ ಬೇರೆ ಇಲಾಖೆಗಳ ದತ್ತಾಂಶವನ್ನು ಕಂಪ್ಯೂಟರ್ ಮೂಲಕ ತಾಳೆ ಹಾಕಿ, ಅನರ್ಹರೆಂದು ಕಂಡ ಕುಟುಂಬಗಳ ಪಡಿತರ ಚೀಟಿಗಳನ್ನು ರದ್ದುಪಡಿಸಲಾಗಿತ್ತು. 2016ರಿಂದ ರದ್ದಾಗಿದ್ದ ಸುಮಾರು 19 ಲಕ್ಷ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ನಮ್ಮ ರಾಜ್ಯದಲ್ಲಿ 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳ ರದ್ದತಿ ವಿವಾದವಾದಾಗ, ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಚೀಟಿ ಮರಳಿಸುವಂತೆ ಸರ್ಕಾರವೇ ಸೂಚಿಸಬೇಕಾಯಿತು. ಎರಡೂ ಕಡೆ ಮೊದಲು ರದ್ದತಿ, ಆಮೇಲೆ ವಿಚಾರಣೆ. ಸಹಜ ನ್ಯಾಯದ ತತ್ವ ಹೇಳುವುದು ಇದರ ತದ್ವಿರುದ್ಧವಾಗಿ: ಮೊದಲು ನೋಟಿಸು, ಬಳಿಕ ಅಹವಾಲು, ಕೊನೆಗೆ ಆದೇಶ.

ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. ಇರುವ ಕಾನೂನೇ ಸಾಕಷ್ಟಿದೆ. ಆಡಳಿತಾತ್ಮಕ ಅಥವಾ ಅರೆನ್ಯಾಯಿಕ ತೀರ್ಮಾನಗಳ ಕಾರಣಗಳನ್ನು ಬಾಧಿತ ವ್ಯಕ್ತಿಗಳಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಂ 2005ರಿಂದಲೂ ಹೇಳುತ್ತಿದೆ. ಇದು ಅರ್ಜಿ ಹಾಕಿ ಕೇಳಿದ ಮೇಲೆ ಕೊಡುವ ಮಾಹಿತಿಯಲ್ಲ, ಇಲಾಖೆ ತಾನಾಗಿ ಮಾಡಬೇಕಾದ ಕರ್ತವ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 8ನೇ ಕಲಂನಲ್ಲಿಯೂ, ವ್ಯಕ್ತಿಯನ್ನು ಬಾಧಿಸುವ ತೀರ್ಮಾನಕ್ಕೆ ದತ್ತಾಂಶ ಬಳಸುವವರು ಅದು ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳಬೇಕು ಎಂದಿದೆ. ಕಾರಣ ಬರೆಯದ ಆದೇಶ ಆದೇಶವೇ ಅಲ್ಲವೆಂಬ ಅರ್ಥದಲ್ಲಿ ಉಚ್ಚ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಸದ್ಯಕ್ಕೆ ಕಕ್ಷಿದಾರರ ಪರವಾಗಿ ನಾನು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಸೌಲಭ್ಯ ನಿಲ್ಲಿಸಿದ ಕಾರಣ, ಅದಕ್ಕೆ ಆಧಾರವಾದ ದಾಖಲೆ, ತೀರ್ಮಾನಿಸಿದ ಅಧಿಕಾರಿಯ ಪದನಾಮ ಕೇಳುತ್ತೇನೆ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಂದರೆ ಅದೇ ನಮ್ಮ ಆದೇಶವಾಗುತ್ತದೆ, ಬಾರದಿದ್ದರೆ ಮೊದಲ ಮೇಲ್ಮನವಿಗೆ ದಾರಿಯಾಗುತ್ತದೆ. ಬಡತನ ರೇಖೆಗಿಂತ ಕೆಳಗಿರುವವರು ಇದಕ್ಕೆ ಶುಲ್ಕ ಕೊಡಬೇಕಿಲ್ಲ. ಬಿಪಿಎಲ್ ಚೀಟಿಯೇ ರದ್ದಾದವರಿಗೆ ಆ ವಿನಾಯಿತಿ ಪಡೆಯುವುದೂ ಕಷ್ಟವಾಗುತ್ತದೆ ಎಂಬುದು ನೋವಿನ ಸಂಗತಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು ಎಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲಿಗೆ ಬರಲು ಹಿಂಜರಿಯುವವರೆಲ್ಲ ತಿಳಿದಿರಬೇಕು.

ಆದರೆ ಒಬ್ಬೊಬ್ಬರೂ ವಕೀಲರನ್ನು ಹಿಡಿದು ಕಾರಣ ಕೇಳುವಂತಾಗಬಾರದು. ಹೈಕೋರ್ಟಿನಲ್ಲಿ ರಿಟ್ ಹಾಕಬೇಕೆಂದರೆ ರಾಯಚೂರಿನವರು ಕಲಬುರಗಿ ಪೀಠಕ್ಕೆ, ಕೊಪ್ಪಳ–ಬಳ್ಳಾರಿಯವರು ಧಾರವಾಡ ಪೀಠಕ್ಕೆ ಹೋಗಬೇಕು. ತಿಂಗಳಿಗೆ ಕೆಲವು ಕಿಲೋ ಅಕ್ಕಿಗಾಗಿ ಯಾರೂ ಅಷ್ಟು ದೂರ ಹೋಗಲಾರರು. ಇದನ್ನು ಬಲ್ಲ ವ್ಯವಸ್ಥೆ, ತಪ್ಪು ತಿದ್ದುವ ಅಧಿಕಾರವನ್ನು ತಾಲ್ಲೂಕು ಮಟ್ಟದಲ್ಲಿಯೇ ಇಡಬೇಕು. ತಂತ್ರಾಂಶದಲ್ಲಿ ‘ಅನರ್ಹ’ ಎಂದು ಬಂದ ಕೂಡಲೇ ಸೌಲಭ್ಯ ನಿಲ್ಲದೆ, ಅದು ತಹಸೀಲ್ದಾರರು ಅಥವಾ ಸಂಬಂಧಪಟ್ಟ ತಾಲ್ಲೂಕು ಅಧಿಕಾರಿಯ ಮುಂದೆ ಬರಿಯ ಮಾಹಿತಿಯಾಗಿ ಬರಬೇಕು. ಅವರು ಸ್ಥಳ ಪರಿಶೀಲನೆ ಮಾಡಿಸಿ, ಆ ವ್ಯಕ್ತಿಗೆ ಕನ್ನಡದಲ್ಲಿ ನೋಟಿಸು ಕೊಟ್ಟು, ಮಾತು ಕೇಳಿ, ಬಳಿಕ ತಮ್ಮ ಸಹಿಯಡಿ ಆದೇಶ ಬರೆಯಬೇಕು. ಗುಳೆ ಹೋದವರ ಮನೆಗೆ ಬೀಗವಿದ್ದರೆ ಅದನ್ನೇ ಅನರ್ಹತೆಯೆಂದು ಎಣಿಸದೆ, ಹಬ್ಬ–ಜಾತ್ರೆಗೆ ಅವರು ಊರಿಗೆ ಮರಳುವ ಹೊತ್ತಿಗೆ ಪರಿಶೀಲನೆ ಇಟ್ಟುಕೊಳ್ಳಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆಂಬ ವಾದವನ್ನು ಅಧಿಕಾರಿಗಳಿಂದ ಕೇಳಿದ್ದೇನೆ. ನಿಧಾನವಾಗಲಿ. ಅನರ್ಹರಿಗೆ ಎರಡು ತಿಂಗಳು ಹೆಚ್ಚು ಅಕ್ಕಿ ಹೋದರೆ ಆಗುವ ನಷ್ಟವನ್ನು ಖಜಾನೆ ತಾಳಿಕೊಳ್ಳುತ್ತದೆ, ಅರ್ಹರಿಗೆ ಎರಡು ತಿಂಗಳು ಅಕ್ಕಿ ಹೋಗದಿದ್ದರೆ ಆಗುವ ನಷ್ಟವನ್ನು ಆ ಮನೆ ತಾಳಿಕೊಳ್ಳಲಾರದು.

ಇನ್ನೊಂದು ವಿಷಯವನ್ನು ಯಾವ ಸುತ್ತೋಲೆಯೂ ಸರಿಯಾಗಿ ಮುಟ್ಟಿಲ್ಲ. ಹೆಸರು ಮರುಸೇರ್ಪಡೆಯಾದಾಗ ಸೌಲಭ್ಯ ಸಾಮಾನ್ಯವಾಗಿ ಮುಂದಿನ ತಿಂಗಳಿನಿಂದ ಶುರುವಾಗುತ್ತದೆ. ತಪ್ಪು ಇಲಾಖೆಯದ್ದೇ ಎಂದು ಒಪ್ಪಿಕೊಂಡ ಮೇಲೂ ಕಳೆದ ತಿಂಗಳುಗಳ ಬಾಕಿಯ ಮಾತು ಬರುವುದಿಲ್ಲ. ಮರುಸೇರ್ಪಡೆಯ ಆದೇಶದಲ್ಲಿಯೇ ಬಾಕಿಯ ತಿಂಗಳುಗಳನ್ನು ಎಣಿಸಿ, ಪಿಂಚಣಿ ಮತ್ತು ಗೃಹಲಕ್ಷ್ಮಿಯಲ್ಲಿ ನಗದಾಗಿ, ಪಡಿತರದಲ್ಲಿ ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಪ್ರಕಾರ ಭತ್ಯೆಯಾಗಿ ಕೊಡಬೇಕೆಂದು ನಾನು ಪ್ರತಿ ಮನವಿಯಲ್ಲಿಯೂ ಪ್ರತ್ಯೇಕ ಕೋರಿಕೆಯಾಗಿ ಸೇರಿಸುತ್ತೇನೆ. ಇಂಥ ಮನವಿ ಬರೆಯುವ ಕಿರಿಯ ವಕೀಲರೂ ಗ್ರಾಮಗಳ ಕಾರ್ಯಕರ್ತರೂ ಈ ಕೋರಿಕೆಯನ್ನು ಬಿಡದೆ ಬರೆಯಬೇಕು. ಕೇಳದ ಪರಿಹಾರವನ್ನು ಯಾವ ಪ್ರಾಧಿಕಾರವೂ ತಾನಾಗಿ ಕೊಟ್ಟದ್ದನ್ನು ನಾನು ಕಂಡಿಲ್ಲ.