ಸೋತರೂ ಉಳಿದ ಹಿಗ್ಗು: ದೆಹಲಿ ಏಷ್ಯಾಡ್‌ನಿಂದ ಅಹಮದಾಬಾದ್‌ವರೆಗೆ, ಹಾಸನದ ಕಡೆಯಿಂದ

1982ರ ಡಿಸೆಂಬರ್ 1. ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್, ಎದುರಿಗೆ ಪಾಕಿಸ್ತಾನ. ಮೊದಲ ಗೋಲು ಹೊಡೆದದ್ದು ಭಾರತವೇ. ಆಮೇಲೆ ಒಂದರ ಹಿಂದೊಂದು ಏಳು ಗೋಲು ನಮ್ಮ ಬಲೆಗೆ ಬಿದ್ದವು. ಗೋಲ್‌ಕೀಪರ್ ಮೀರ್ ರಂಜನ್ ನೇಗಿಯನ್ನು ಜನ ವರ್ಷಗಟ್ಟಲೆ ಬೈದರು. ಇಷ್ಟಾದರೂ ಆಗ ಶಾಲೆಗೆ ಹೋಗುತ್ತಿದ್ದ ಯಾರನ್ನಾದರೂ ಇವತ್ತು ಹಾಸನದಲ್ಲೋ ಕಡೂರಿನಲ್ಲೋ ಹಿಡಿದು ‘ಏಷ್ಯಾಡ್ ಅಂದ್ರೆ ಏನ್ ನೆನಪಾಗುತ್ತೆ?’ ಎಂದು ಕೇಳಿ ನೋಡಿ. ಕೂಟದ ಲಾಂಛನ ಅಪ್ಪು ಎಂಬ ಆನೆಮರಿ ಬರುತ್ತದೆ, ಬಣ್ಣದ ಟಿವಿ ಬರುತ್ತದೆ, ಪಿ.ಟಿ. ಉಷಾ ಬರುತ್ತಾರೆ. ಏಳು ಗೋಲಿನ ಮಾತು ಬಂದರೂ ಕೊನೆಗೆ. (ಆನೆಯನ್ನು ಲಾಂಛನ ಮಾಡೋಣವೇ ಎಂದು ಈಗ ಕಾಡಾನೆ ಕಾಟಕ್ಕೆ ಬೇಸತ್ತ ಆಲೂರು, ಸಕಲೇಶಪುರದ ತೋಟದವರನ್ನು ಕೇಳಿದರೆ ಉತ್ತರ ಬೇರೆಯೇ ಇದ್ದೀತು.)

ದೊಡ್ಡ ಕ್ರೀಡಾಕೂಟವೊಂದನ್ನು ಮನೆಗೆ ಕರೆದಾಗ ದೇಶದ ಮನಸ್ಸು ಅರಳುತ್ತದೆ ಎಂಬ ಮಾತು ಹಳೆಯದು. ಅದು ಸುಳ್ಳಲ್ಲ. ಆದರೆ ಆ ಹಿಗ್ಗು ಪದಕದಿಂದ ಬರುತ್ತದೆಂದು ನಾವು ಅಂದುಕೊಂಡಿರುವುದು ಪೂರ್ತಿ ಸರಿಯಲ್ಲ. ಅದು ಎಷ್ಟು ದೂರದವರೆಗೆ ತಲುಪುತ್ತದೆ, ಎಷ್ಟು ದಿನ ಉಳಿಯುತ್ತದೆ ಎನ್ನುವುದಕ್ಕೆ ಬೇರೆಯೇ ಲೆಕ್ಕವಿದೆ.

ಮೊದಲ ಸಲ ನಾವು ಅತಿಥಿಗಳನ್ನು ಕರೆದದ್ದು 1951ರ ಮಾರ್ಚ್‌ನಲ್ಲಿ, ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ತುಂಬುವ ಮುಂಚೆ. ಅದು ರೇಷನ್ನಿನ ಕಾಲ. ಮೊದಲ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಗೆ ಬಂದದ್ದು ಹನ್ನೊಂದು ದೇಶಗಳು. ಯುದ್ಧದಲ್ಲಿ ಸೋತ ಜಪಾನಿಗೆ 1948ರ ಲಂಡನ್ ಒಲಿಂಪಿಕ್ಸ್‌ಗೆ ಕರೆಯೇ ಹೋಗಿರಲಿಲ್ಲ. ದೆಹಲಿ ಕರೆಯಿತು, ಜಪಾನ್ ಬಂದು ಪದಕಪಟ್ಟಿಯಲ್ಲಿ ಮೊದಲ ಸ್ಥಾನವನ್ನೂ ಪಡೆಯಿತು. ಎರಡನೆಯದು ನಮ್ಮದು, 15 ಚಿನ್ನ. ಈಜಿನಲ್ಲಿ ಸಚಿನ್ ನಾಗ್, ಓಟದಲ್ಲಿ ಲೆವಿ ಪಿಂಟೊ, ಫುಟ್‌ಬಾಲ್ ಫೈನಲ್‌ನಲ್ಲಿ ಇರಾನ್ ವಿರುದ್ಧದ ಒಂದೇ ಗೋಲು ಮೇವಾಲಾಲ್ ಅವರದು. ಬಡ ದೇಶವೊಂದು ಯಜಮಾನನ ಸ್ಥಾನದಲ್ಲಿ ನಿಂತು ಯಾರನ್ನು ಕರೆಯಬೇಕೆಂದು ತಾನೇ ತೀರ್ಮಾನಿಸಿದ್ದು ಆ ಪದಕಗಳಿಗಿಂತ ದೊಡ್ಡದು. ಹಾಸನ, ಚಿಕ್ಕಮಗಳೂರಿನ ಜನರಿಗೆ ಇದು ಮುಟ್ಟಿದ್ದು ಪತ್ರಿಕೆಯ ಸುದ್ದಿಯಾಗಿ, ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಓಡುತ್ತಿದ್ದ ಸುದ್ದಿಚಿತ್ರವಾಗಿ.

ಇಲ್ಲಿಂದ 1982ಕ್ಕೆ ಬರೋಣ. ಏಷ್ಯಾಡ್ ಕಥೆಯಲ್ಲಿ ನಮ್ಮ ಎರಡೂ ಜಿಲ್ಲೆಗಳಿಗೆ ಒಂದೊಂದು ಎಳೆ ಇದೆ. ಸೋತು ಕೂತಿದ್ದ ಇಂದಿರಾ ಗಾಂಧಿ 1978ರ ಉಪಚುನಾವಣೆಯಲ್ಲಿ ಲೋಕಸಭೆಗೆ ಮರಳಿದ್ದು ಚಿಕ್ಕಮಗಳೂರಿನಿಂದ. 1980ರಲ್ಲಿ ಅವರು ಮತ್ತೆ ಪ್ರಧಾನಿಯಾದ ಮೇಲೆ ಏಷ್ಯಾಡ್ ಕೆಲಸಕ್ಕೆ ವೇಗ ಬಂತು: ಜವಾಹರಲಾಲ್ ನೆಹರು ಸ್ಟೇಡಿಯಂ, ಮೇಲ್ಸೇತುವೆಗಳು, ಆಟಗಾರರ ವಸತಿಗ್ರಾಮ. ಉದ್ಘಾಟನೆ ನವೆಂಬರ್ 19ರಂದು. ಅದು ಅವರ ಹುಟ್ಟುಹಬ್ಬವೂ ಹೌದು, ಕಾಕತಾಳೀಯ ಎಂದು ನಂಬುವವರು ನಂಬಲಿ. ಆ ಕಟ್ಟಡಗಳನ್ನು ಕಟ್ಟಿದ ಕೂಲಿಗಳಿಗೆ ಕನಿಷ್ಠ ಕೂಲಿಯೂ ಸಿಗುತ್ತಿಲ್ಲವೆಂಬ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಕೋರ್ಟ್ ಆ ವರ್ಷವೇ ಹೇಳಿತು. ಕಾನೂನು ಓದುವವರು ಇವತ್ತಿಗೂ ಆ ಏಷ್ಯಾಡ್ ಕಾರ್ಮಿಕರ ಪ್ರಕರಣವನ್ನು ಓದುತ್ತಾರೆ.

ಹಾಸನದ ಎಳೆ ಸಾಲಗಾಮೆ ರಸ್ತೆಯಲ್ಲಿದೆ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ನಮ್ಮವರ ಬಾಯಲ್ಲಿ ಎಂಸಿಎಫ್, ಕೆಲಸ ಶುರು ಮಾಡಿದ್ದು ಆ ವರ್ಷವೇ. ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಉಪಗ್ರಹದ ಲಗಾಮು ಇಲ್ಲಿತ್ತು. ದೇಶಕ್ಕೆಲ್ಲ ಒಂದೇ ಟಿವಿ ಕಾರ್ಯಕ್ರಮ ತಲುಪಿಸಬೇಕು, ಅದೂ ಬಣ್ಣದಲ್ಲಿ, ಏಷ್ಯಾಡ್ ಬರುವುದರೊಳಗೆ: ಲೆಕ್ಕ ಹೀಗಿತ್ತು. ಆಗಸ್ಟ್ 15ರಂದು ರಾಷ್ಟ್ರೀಯ ಪ್ರಸಾರ ಆರಂಭವೂ ಆಯಿತು. ಆದರೆ ಉಪಗ್ರಹಕ್ಕೆ ಮೊದಲಿಂದಲೂ ಕಾಟ. ಅದನ್ನು ಸರಿಯಾದ ದಿಕ್ಕಿನಲ್ಲಿ ನಿಲ್ಲಿಸಲು ಬೇಕಾದ ಇಂಧನ ಮುಗಿದು, ಸೆಪ್ಟೆಂಬರ್ 6ರಂದು ಕೈಬಿಡಬೇಕಾಯಿತು. ಕೂಟಕ್ಕೆ ಎರಡೂವರೆ ತಿಂಗಳು ಬಾಕಿ! ಹೊರದೇಶದ ಉಪಗ್ರಹದ ಮೊರೆ ಹೋಗಿ ಮಾನ ಉಳಿಸಿಕೊಂಡರು. ಮರುವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಹೊತ್ತೊಯ್ದ ಇನ್ಸಾಟ್-1ಬಿ ಗಟ್ಟಿಯಾಗಿ ನಿಂತಿತು. ಸಣ್ಣ ಊರುಗಳ ಮೇಲೆ ಟಿವಿ ಗೋಪುರಗಳು ಎದ್ದದ್ದು ಅದರ ಬೆನ್ನಿಗೇ.

ಅಂದರೆ ಏಷ್ಯಾಡ್ ನಡೆದ ಹದಿನಾರು ದಿನ ನಮ್ಮ ಕಡೆಯ ಬಹುತೇಕ ಹಳ್ಳಿಗಳಿಗೆ ಅದು ರೇಡಿಯೊ ಮತ್ತು ಪತ್ರಿಕೆಯ ಕೂಟವೇ ಆಗಿತ್ತು. ಅದಕ್ಕಾಗಿ ಹೂಡಿದ ಜಾಲ ಮಾತ್ರ ಆಮೇಲೆ ಬಂದು ತಲುಪಿತು, ಮತ್ತು ಉಳಿಯಿತು. 57 ಪದಕ, ಐದನೇ ಸ್ಥಾನ, ಉಷಾ ಅವರ ಎರಡು ಬೆಳ್ಳಿ ಎಲ್ಲ ಸರಿ. ಪದಕಗಳಿಗಿಂತ ಹೆಚ್ಚು ಬಾಳಿದ್ದು ಮನೆಯ ಮೇಲಿನ ಆಂಟೆನಾ.

ಯುರೋಪಿನ ಅರ್ಥಶಾಸ್ತ್ರಜ್ಞರು ಈ ಹಿಗ್ಗನ್ನು ಅಳೆಯಲೂ ನೋಡಿದ್ದಾರೆ. ಕಾವೆಟ್ಸೋಸ್ ಮತ್ತು ಝಿಮಾನ್ಸ್ಕಿ ಎಂಬಿಬ್ಬರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡ ಫುಟ್‌ಬಾಲ್ ಕೂಟ ನಡೆಸಿದ ದೇಶದ ಜನ ಆ ಹೊತ್ತಿಗೆ ಖುಷಿಯಾಗಿರುತ್ತಾರೆ; ತಂಡ ನಿರೀಕ್ಷೆಗಿಂತ ಚೆನ್ನಾಗಿ ಆಡಿದ್ದರಿಂದ ಅಂಥ ಖುಷಿ ಸ್ಪಷ್ಟವಾಗಿ ಕಾಣುವುದಿಲ್ಲ. 2012ರ ಒಲಿಂಪಿಕ್ಸ್ ವೇಳೆ ಲಂಡನ್, ಪ್ಯಾರಿಸ್, ಬರ್ಲಿನ್ ಜನರನ್ನು ಹೋಲಿಸಿದ ಇನ್ನೊಂದು ಅಧ್ಯಯನದಲ್ಲೂ ಲಂಡನ್ನಿನವರ ಸಂತೋಷ ಏರಿದ್ದು ಕಂಡಿತು, ಮುಖ್ಯವಾಗಿ ಉದ್ಘಾಟನೆ ಮತ್ತು ಸಮಾರೋಪದ ಆಸುಪಾಸಿನಲ್ಲಿ. ವರ್ಷ ಕಳೆಯುವಷ್ಟರಲ್ಲಿ ಇಳಿದೂ ಹೋಗಿತ್ತು. ಇದನ್ನು ಓದಿದಾಗ ಆಶ್ಚರ್ಯವಾಗುವುದಿಲ್ಲ. ಊರಜಾತ್ರೆಯಲ್ಲಿ ತೇರು ಎಳೆದ ಸಂತೋಷಕ್ಕೆ ತೇರು ಗೆಲ್ಲಬೇಕಿಲ್ಲವಲ್ಲ.

ಗೆಲುವು ಸೇರಿದರೆ ಏನಾಗುತ್ತದೆ ಎಂಬುದನ್ನು 1996ರ ಮಾರ್ಚ್ 9 ತೋರಿಸಿತು. ವಿಶ್ವಕಪ್ ಕ್ರಿಕೆಟ್ ಕ್ವಾರ್ಟರ್‌ಫೈನಲ್, ಚಿನ್ನಸ್ವಾಮಿ ಕ್ರೀಡಾಂಗಣದ ಹೊಸ ದೀಪಗಳ ಕೆಳಗೆ, ಮತ್ತೆ ಪಾಕಿಸ್ತಾನ. ಸಿಧು 93, ಕೊನೆಯಲ್ಲಿ ವಕಾರ್ ಯೂನಿಸ್‌ಗೆ ಅಜಯ್ ಜಡೇಜಾ ಕೊಟ್ಟ ಏಟು, ಬೌಂಡರಿ ಬಾರಿಸಿ ಬೆರಳು ತೋರಿಸಿದ ಆಮಿರ್ ಸೊಹೈಲ್‌ನ ಸ್ಟಂಪು ಹಾರಿಸಿದ ವೆಂಕಟೇಶ್ ಪ್ರಸಾದ್. ಭಾರತಕ್ಕೆ 39 ರನ್ ಗೆಲುವು. ಕುಂಬ್ಳೆ, ಪ್ರಸಾದ್, ಶ್ರೀನಾಥ್ ಮೂವರೂ ಕನ್ನಡಿಗರು. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನ ಮೊದಲಲ್ಲಿರುವ ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನದು. ನಾಲ್ಕೇ ದಿನ: ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾ ಎದುರು ಸೆಮಿಫೈನಲ್ ಕೈತಪ್ಪುತ್ತಿದ್ದಂತೆ ಬಾಟಲಿಗಳು ಹಾರಿದವು, ಗ್ಯಾಲರಿಯಲ್ಲಿ ಬೆಂಕಿ ಎದ್ದಿತು, ಪಂದ್ಯ ಅಲ್ಲಿಗೇ ನಿಂತು ಎದುರಾಳಿಯ ಪಾಲಾಯಿತು. ವಿನೋದ್ ಕಾಂಬ್ಳಿ ಅಳುತ್ತ ಹೊರಬಂದ ದೃಶ್ಯವನ್ನು ಟಿವಿ ಮನೆಮನೆಗೂ ತೋರಿಸಿತು. ಮನೆಯಂಗಳದಲ್ಲಿ ಆಡುವಾಗ ಅವಮಾನವೂ ಅಂಗಳದಲ್ಲೇ ಆಗುತ್ತದೆ. 2014ರಲ್ಲಿ ಬ್ರೆಜಿಲ್ ತನ್ನದೇ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಎದುರು ಸೋತದ್ದೂ 1–7ರಿಂದಲೇ.

2010ರ ದೆಹಲಿ ಕಾಮನ್‌ವೆಲ್ತ್ ಕೂಟ ಹಿಗ್ಗು, ಅವಮಾನ ಎರಡನ್ನೂ ಒಟ್ಟಿಗೆ ಉಣಿಸಿತು. ಕೂಟಕ್ಕೆ ಎರಡು ವಾರವೂ ಇಲ್ಲದಾಗ ಸ್ಟೇಡಿಯಂ ಬಳಿಯ ಕಾಲುಸೇತುವೆ ಕುಸಿಯಿತು; ಭ್ರಷ್ಟಾಚಾರದ ಆರೋಪದಲ್ಲಿ ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮರುವರ್ಷ ಬಂಧನಕ್ಕೊಳಗಾದರು. ಮೈದಾನದಲ್ಲಿ ಮಾತ್ರ 101 ಪದಕ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್‌ನಲ್ಲಿ ಬೆಳ್ಳಿ ಗೆದ್ದರು, ಮಹಿಳೆಯರ ರಿಲೇ ಚಿನ್ನದಲ್ಲಿ ಅಶ್ವಿನಿ ಅಕ್ಕುಂಜಿ ಇದ್ದರು. ಕೊನೆಯ ದಿನ ಸೈನಾ ನೆಹ್ವಾಲ್ ಚಿನ್ನ ಗೆದ್ದು ಭಾರತವನ್ನು ಇಂಗ್ಲೆಂಡಿಗಿಂತ ಮೇಲೇರಿಸಿದರು. ಅದೇ ದಿನ ಹಾಕಿ ಫೈನಲ್‌ನಲ್ಲಿ ಆಸ್ಟ್ರೇಲಿಯಾ ನಮ್ಮನ್ನು 8–0 ಎಂದು ಹಣಿಯಿತು. ಜನ ಸೈನಾರನ್ನು ಇಟ್ಟುಕೊಂಡರು, ಎಂಟು ಗೋಲು ಮರೆತರು, ಕಲ್ಮಾಡಿಯನ್ನು ಮರೆಯಲಿಲ್ಲ.

ಚಿಕ್ಕಮಗಳೂರು ತಾನೇ ಆತಿಥೇಯವಾದದ್ದೂ ಇದೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕಳೆದ ದಶಕದಲ್ಲಿ ಇಲ್ಲಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ನಡೆಯಿತು. ಅದಕ್ಕೆ ಹೊಸ ಸ್ಟೇಡಿಯಂ ಬೇಕಾಗಲಿಲ್ಲ, ತೋಟದ ರಸ್ತೆಯೇ ಸಾಕಾಯಿತು. ಇನ್ನೂ ಕೆಳಗಿಳಿದರೆ ಮಲೆನಾಡಿನ ಹಳ್ಳಿಗಳ ಹೊನಲು ಬೆಳಕಿನ ಕಬಡ್ಡಿ, ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟ. ಹೊರಗಿನ ತಂಡಕ್ಕೆ ಊಟ ಹಾಕಿ, ಅವರಿಂದಲೇ ಸೋತು, ‘ಈ ಸಲ ಚೆನ್ನಾಗಿ ಆಯ್ತು’ ಎನ್ನುವ ಊರುಗಳಿವೆ.

2025 ಕಹಿಯಾಗಿ ನೆನಪಿರುವ ವರ್ಷ. ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಬಳಿಯ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಹಾಸನ ಜಿಲ್ಲೆಯ ಜೀವವೂ ಅದರಲ್ಲಿತ್ತು. ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದ ತಂಡ 2017ರ ಲಾರ್ಡ್ಸ್ ಫೈನಲ್‌ನಲ್ಲಿ ಒಂಬತ್ತೇ ರನ್ನಿನಿಂದ ಕಳೆದುಕೊಂಡಿದ್ದ ಕಪ್ಪನ್ನು ನವೆಂಬರ್ 2ರಂದು ಭಾರತ ತವರಿನಲ್ಲೇ ಎತ್ತಿತು. ಜನಸಂದಣಿಯನ್ನು ನಿಭಾಯಿಸಲಾಗದ ನಮ್ಮ ರಾಜಧಾನಿ ಆ ಸಂಜೆ ಬರೀ ಪ್ರೇಕ್ಷಕ.

ಅದೇ ತಿಂಗಳು 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದ್‌ಗೆ ಎಂದು ಗ್ಲಾಸ್ಗೋದಲ್ಲಿ ತೀರ್ಮಾನವಾಯಿತು; ಸರ್ಕಾರದ ಕಣ್ಣು 2036ರ ಒಲಿಂಪಿಕ್ಸ್ ಮೇಲಿದೆ. ಕೂಟ ನಡೆಸುತ್ತೇವೆನ್ನುವವರು ಈಗ ಕಡಿಮೆ. 2026ರ ಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಖರ್ಚಿಗೆ ಹೆದರಿ ಹಿಂದೆ ಸರಿಯಿತು, ಗ್ಲಾಸ್ಗೋ ಅದನ್ನು ಹತ್ತೇ ಆಟಗಳಿಗೆ ಇಳಿಸಿ ವಹಿಸಿಕೊಂಡಿತು. ಹಾಕಿ, ಕುಸ್ತಿ, ಬ್ಯಾಡ್ಮಿಂಟನ್, ಶೂಟಿಂಗ್ ಎಲ್ಲ ಹೊರಗೆ. ಹೀಗಿರುವಾಗ ಮಾತಾಡುವ ಬಲ ಆತಿಥೇಯರ ಕಡೆಗೇ ಇದೆ, ಕೈಬಿಟ್ಟ ಆಟಗಳನ್ನು ಭಾರತ ಪಟ್ಟು ಹಿಡಿದು ವಾಪಸ್ ತರಿಸಬೇಕು. ಕಬಡ್ಡಿಯನ್ನೂ ಕೇಳಲಿ. 1982ರಲ್ಲಿ ದೆಹಲಿ ಅದನ್ನು ಪ್ರದರ್ಶನದ ಆಟವಾಗಿ ಮಾತ್ರ ಇಟ್ಟಿತ್ತು. ಎಂಟು ವರ್ಷಗಳ ನಂತರ ಬೀಜಿಂಗ್ ಏಷ್ಯಾಡ್‌ನಲ್ಲಿ ಅದಕ್ಕೆ ಪದಕವಿತ್ತು, ಚಿನ್ನ ನಮ್ಮದಾಗಿತ್ತು.