ಸಂತರ ಕಾದಂಬರಿ, ಧ್ಯಾನದ ಪುಸ್ತಕ: ನಮ್ಮ ಓದುಗರ ಕೂಟಕ್ಕೆ ಒಂದು ಟಿಪ್ಪಣಿ

ಈ ಟಿಪ್ಪಣಿ ಕೆಜಿಎಫ್, ಬಂಗಾರಪೇಟೆ, ಕೋಲಾರದ ಕಡೆ ಭಾನುವಾರದ ಜ್ಞಾನೋಪದೇಶ ತರಗತಿ ನಡೆಸುವ ಗೆಳೆಯರಿಗಾಗಿ. ಸಂತರ ಕಥೆ ಓದುವ ಬೇರೆಯವರಿಗೂ ಆಗಬಹುದು. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕಥೆ ಹೇಳುತ್ತೇವೆ, ಯಾವುದಾದರೂ ಒಂದು ಮಗು ಕೇಳಿಯೇ ಕೇಳುತ್ತದೆ: "ಮಿಸ್, ಇದು ನಿಜವಾಗ್ಲೂ ನಡೆದಿದ್ದಾ?" ಕೆಲವರಿಗೆ ಇದು ಉದ್ಧಟತನ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಕಥೋಲಿಕ ಚಾರಿತ್ರಿಕ ಕಾದಂಬರಿ ಓದುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಕೇಳಿದರೆ ಭಕ್ತಿ ಕಮ್ಮಿ ಆಗುತ್ತದೆ ಅನ್ನುವ ಹೆದರಿಕೆಯೂ ಬೇಡ.

ಪೆನ್ಸಿಲ್ ಹಿಡಿದು ಓದುವುದು

ಓದುವಾಗ ಅಂಚಿನಲ್ಲಿ ಮೂರು ಅಕ್ಷರಗಳಲ್ಲಿ ಒಂದನ್ನು ಬರೆಯಿರಿ. 'ಇ' ಅಂದರೆ ಇತಿಹಾಸ. ಆ ಕಾಲದ ಅಥವಾ ಅದಕ್ಕೆ ಹತ್ತಿರದ ಬರಹದಲ್ಲಿ ಅದಕ್ಕೆ ಆಧಾರ ಇದೆ. 'ಪ' ಅಂದರೆ ಪರಂಪರೆ. ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು, ನಡೆದಿರಲೂಬಹುದು. 'ಕ' ಅಂದರೆ ಲೇಖಕರ ಕಲ್ಪನೆ. ಲೈಬ್ರರಿ ಪುಸ್ತಕವಾದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಇಲ್ಲದಿದ್ದರೆ ಬೈಸಿಕೊಳ್ಳುತ್ತೀರಿ.

ಈ ಅಭ್ಯಾಸಕ್ಕೆ 'ಕ್ವೋ ವಾಡಿಸ್' ಹೇಳಿ ಮಾಡಿಸಿದ ಪುಸ್ತಕ. ಪೋಲೆಂಡಿನ ಹೆನ್ರಿಕ್ ಸಿಯೆಂಕಿಯೆವಿಚ್ ಇದನ್ನು ಪತ್ರಿಕೆಗಳಿಗೆ ಧಾರಾವಾಹಿಯಾಗಿ ಬರೆದರು. 1896ರಲ್ಲಿ ಪುಸ್ತಕವಾಯಿತು. 1905ರಲ್ಲಿ ಅವರಿಗೆ ನೊಬೆಲ್ ಬಂತು. ಆಗ ಪೋಲೆಂಡ್ ಅನ್ನುವ ದೇಶ ನಕಾಶೆಯಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. ಚಕ್ರವರ್ತಿಯ ಎದುರು ಸಣ್ಣ ಗುಂಪೊಂದು ಬಗ್ಗದೆ ನಿಲ್ಲುವ ಕಥೆ ಅಲ್ಲಿನ ಓದುಗರಿಗೆ ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕಥೆಯ ನಾಯಕಿ ಲಿಗಿಯಳ ಬುಡಕಟ್ಟು ಕೂಡ ಇಂದಿನ ಪೋಲೆಂಡ್ ಇರುವ ಕಡೆಯದೇ.

ಕಥೆ ಇಷ್ಟು. ವಿನಿಸಿಯಸ್ ರೋಮಿನ ಸೇನಾಧಿಕಾರಿ. ಕ್ರೈಸ್ತ ಹುಡುಗಿ ಲಿಗಿಯಳ ಮೇಲೆ ಅವನಿಗೆ ಮನಸ್ಸಾಗುತ್ತದೆ. ಮೊದಲು ಅಧಿಕಾರ ಬಳಸಿ ಪಡೆಯಲು ನೋಡುತ್ತಾನೆ, ಆಮೇಲೆ ಮನುಷ್ಯನಾಗುತ್ತಾನೆ. ನಡುವೆ ರೋಮ್ ಹೊತ್ತಿ ಉರಿಯುತ್ತದೆ. ಚಕ್ರವರ್ತಿ ನೀರೋ ಆ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟುತ್ತಾನೆ.

ಈಗ ಪೆನ್ಸಿಲ್. ಕ್ರಿ.ಶ. 64ರ ಜುಲೈನಲ್ಲಿ ರೋಮಿಗೆ ಬೆಂಕಿ ಬಿದ್ದದ್ದು 'ಇ'. ಇದಕ್ಕೆ ಮುಖ್ಯ ಆಧಾರ ರೋಮನ್ ಇತಿಹಾಸಕಾರ ಟ್ಯಾಸಿಟಸ್. ಬೆಂಕಿ ಬಿದ್ದಾಗ ಆತ ಇನ್ನೂ ಚಿಕ್ಕ ಹುಡುಗ, ಬರೆದದ್ದು ಸುಮಾರು 50 ವರ್ಷದ ನಂತರ. ಬೆಂಕಿ ಶುರುವಾದಾಗ ನೀರೋ ಊರಲ್ಲೇ ಇರಲಿಲ್ಲ, ಆಂಟಿಯಂನಲ್ಲಿದ್ದ ಅನ್ನುತ್ತಾನೆ. ಆಕಸ್ಮಿಕವೋ ದೊರೆಯ ಕೈವಾಡವೋ, ಎರಡನ್ನೂ ಹೇಳುವವರಿದ್ದಾರೆ ಎಂದು ಬರೆದು ಸುಮ್ಮನಾಗುತ್ತಾನೆ. ಕಾದಂಬರಿ ಆ ಅನುಮಾನವನ್ನು ಉಳಿಸುವುದಿಲ್ಲ, ನೀರೋನ ಕಡೆಯವರೇ ಬೆಂಕಿ ಇಟ್ಟರು ಎನ್ನುತ್ತದೆ. ಊರು ಉರಿಯುವಾಗ ನೀರೋ ಹಾಡಿದ ಅನ್ನುವುದನ್ನು ಟ್ಯಾಸಿಟಸ್ ಬರೀ ಗಾಳಿಮಾತು ಎಂದೇ ದಾಖಲಿಸುತ್ತಾನೆ. ಪಿಟೀಲಂತೂ ಆ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ.

ಕ್ರೈಸ್ತರಿಗೆ ಪ್ರಾಣಿಗಳ ಚರ್ಮ ಹೊದಿಸಿ ನಾಯಿಗಳಿಗೆ ಬಿಟ್ಟದ್ದು, ಶಿಲುಬೆಗೆ ಹಾಕಿದ್ದು, ರಾತ್ರಿ ದೀಪಗಳ ಹಾಗೆ ಉರಿಸಿದ್ದು 'ಇ'. ಇದನ್ನು ಬರೆದ ಟ್ಯಾಸಿಟಸ್‌ಗೆ ಕ್ರೈಸ್ತರೆಂದರೆ ಸ್ವಲ್ಪವೂ ಇಷ್ಟವಿರಲಿಲ್ಲ. ಹಾಗಾಗಿಯೇ ಆತನ ಸಾಕ್ಷ್ಯಕ್ಕೆ ತೂಕ ಜಾಸ್ತಿ. ಆದರೆ ಮಕ್ಕಳ ಚಿತ್ರಪುಸ್ತಕದಲ್ಲಿ ನೀರೋ ಕಾಲದ ಕ್ರೈಸ್ತರನ್ನು ಕೊಲೋಸಿಯಂ ಒಳಗೆ ನಿಲ್ಲಿಸಿದ್ದರೆ ತಕ್ಷಣ 'ಕ' ಹಾಕಿ. ಕೊಲೋಸಿಯಂ ಬಾಗಿಲು ತೆರೆದದ್ದು ಕ್ರಿ.ಶ. 80ರಲ್ಲಿ. ನೀರೋ ಸತ್ತು 12 ವರ್ಷ ಆಗಿತ್ತು.

ನಾನು ಹೆಚ್ಚು ಹೊತ್ತು ನಿಲ್ಲುವುದು ಪೊಂಪೋನಿಯ ಗ್ರೆಸಿನ ಎಂಬ ಹೆಂಗಸಿನ ಹತ್ತಿರ. ಕಾದಂಬರಿಯಲ್ಲಿ ಲಿಗಿಯಳನ್ನು ಸಾಕಿದ ತಾಯಿ ಈಕೆ, ಗುಟ್ಟಾಗಿ ಕ್ರೈಸ್ತಳು. ಪೊಂಪೋನಿಯ ನಿಜವಾಗಿ ಬದುಕಿದ್ದವಳು. ಕ್ರಿ.ಶ. 57ರಲ್ಲಿ ಆಕೆಯ ಮೇಲೆ 'ಪರದೇಶದ ಮೂಢನಂಬಿಕೆ'ಯ ಆರೋಪ ಬಂತು ಎಂದು ಟ್ಯಾಸಿಟಸ್ ಬರೆಯುತ್ತಾನೆ. ಹಳೆಯ ಪದ್ಧತಿಯಂತೆ ಗಂಡನೇ ನೆಂಟರನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದ. ತಪ್ಪಿಲ್ಲ ಎಂದು ತೀರ್ಪು ಕೊಟ್ಟ. ಆಕೆ 40 ವರ್ಷ ಸೂತಕದ ಬಟ್ಟೆಯಲ್ಲೇ ಇದ್ದಳಂತೆ. ಆ ನಂಬಿಕೆ ಯಾವುದು? ಟ್ಯಾಸಿಟಸ್ ಹೇಳುವುದಿಲ್ಲ. ಇತಿಹಾಸ ಬಾಯಿ ಬಿಡದ ಈ ಜಾಗದಲ್ಲೇ ಕಾದಂಬರಿಕಾರ ಕಾಲಿಟ್ಟ. ಹೆಸರು 'ಇ', ಆರೋಪ 'ಇ', ಕ್ರೈಸ್ತಳು ಎಂಬುದು ಊಹೆ, ಲಿಗಿಯಳ ಸಾಕುತಾಯಿ ಎಂಬುದು ಪೂರ್ತಿ 'ಕ'. ಒಬ್ಬಳೇ ಪಾತ್ರದಲ್ಲಿ ಇಷ್ಟು ಪದರ. ಒಳ್ಳೆಯ ಚಾರಿತ್ರಿಕ ಕಾದಂಬರಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಈ ಒಂದು ಉದಾಹರಣೆ ಸಾಕು.

ಪುಸ್ತಕಕ್ಕೆ ಹೆಸರು ಕೊಟ್ಟ ದೃಶ್ಯಕ್ಕೆ 'ಪ'. 'ಕ್ವೋ ವಾಡಿಸ್' ಅಂದರೆ ಲ್ಯಾಟಿನ್‌ನಲ್ಲಿ 'ಎಲ್ಲಿಗೆ ಹೊರಟಿರಿ?'. ಯೇಸುವಿನ ಶಿಷ್ಯ ಪೇತ್ರ ಹಿಂಸೆಯಿಂದ ತಪ್ಪಿಸಿಕೊಂಡು ರೋಮ್ ಬಿಟ್ಟು ಹೊರಟಿದ್ದಾನೆ. ಎದುರಿಗೆ ಯೇಸುಸ್ವಾಮಿ ಬರುತ್ತಾರೆ. "ಪ್ರಭುವೇ, ಎಲ್ಲಿಗೆ ಹೊರಟಿರಿ?" "ಮತ್ತೊಮ್ಮೆ ಶಿಲುಬೆಗೇರಲು ರೋಮಿಗೆ." ಪೇತ್ರ ತಿರುಗಿ ನಡೆಯುತ್ತಾನೆ. ಇದು ಬೈಬಲಿನಲ್ಲಿ ಇಲ್ಲ, 2ನೇ ಶತಮಾನದ 'ಪೇತ್ರನ ಕಾರ್ಯಗಳು' ಎಂಬ ಬರಹದಲ್ಲಿದೆ. ಧರ್ಮಸಭೆ ಅದನ್ನು ಬೈಬಲಿಗೆ ಸೇರಿಸಲಿಲ್ಲ, ಆದರೂ ರೋಮಿನ ಆಪ್ಪಿಯ ರಸ್ತೆಯಲ್ಲಿ ಈ ಕಥೆಯ ನೆನಪಿಗೆ ಒಂದು ಪುಟ್ಟ ಚರ್ಚ್ ಇವತ್ತಿಗೂ ಇದೆ. 'ಪ' ಎಂದು ಬರೆದ ಮಾತ್ರಕ್ಕೆ ಕಥೆಯ ಬೆಲೆ ಇಳಿಯುವುದಿಲ್ಲ ಎನ್ನಲು ಆ ಚರ್ಚೇ ಸಾಕ್ಷಿ.

ನನ್ನದೊಂದು ತಕರಾರು ಇದೆ. ಈ ಪುಸ್ತಕದಲ್ಲಿ ಕ್ರೈಸ್ತರು ತೀರಾ ಬಿಳುಪು. ಜೀವ ತುಂಬಿಕೊಂಡಿರುವವನು ನೀರೋನ ಆಸ್ಥಾನದ ಪೆಟ್ರೋನಿಯಸ್. ಇವನೂ ನಿಜವಾಗಿ ಇದ್ದವನೇ. ಕ್ರಿ.ಶ. 66ರಲ್ಲಿ ಸ್ನೇಹಿತರ ಜೊತೆ ಊಟ, ಹರಟೆ ನಡೆಸುತ್ತಲೇ ನರ ಕುಯ್ದುಕೊಂಡು ಸತ್ತ. ಪುಸ್ತಕ ಮುಚ್ಚಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿಯುವುದು ಇವನೇ.

ನಮಗೆ ಹತ್ತಿರದ ಕಥೆಗಳು

ರೋಮ್ ದೂರವಾಯಿತು ಅನ್ನುವವರು ದೇವಸಹಾಯಂ ಪಿಳ್ಳೈ ಕಥೆ ತೆಗೆದುಕೊಳ್ಳಿ. ಕೆಜಿಎಫ್‌ನ ತಮಿಳು ಮನೆಗಳ ಮಕ್ಕಳು ಇದನ್ನು ಕೇಳಿಯೇ ಇರುತ್ತಾರೆ. ತಿರುವಾಂಕೂರಿನ ಮಾರ್ತಾಂಡ ವರ್ಮನ ಆಸ್ಥಾನದಲ್ಲಿ ನೀಲಕಂಠ ಪಿಳ್ಳೈ ಅಧಿಕಾರಿಯಾಗಿದ್ದ. 1741ರ ಕೊಳಚ್ಚಲ್ ಯುದ್ಧದಲ್ಲಿ ಸೆರೆಸಿಕ್ಕ ಡಚ್ ಅಧಿಕಾರಿ ಡಿ ಲನ್ನೋಯ್‌ನಿಂದ ಯೇಸುವಿನ ವಿಷಯ ತಿಳಿದ. 1745ರಲ್ಲಿ ದೀಕ್ಷಾಸ್ನಾನ ಪಡೆದು ದೇವಸಹಾಯಂ ಆದ. 1752ರ ಜನವರಿಯಲ್ಲಿ ಕಾಟ್ಟಾಡಿಮಲೆಯಲ್ಲಿ ಗುಂಡಿಟ್ಟು ಕೊಂದರು. 2022ರ ಮೇ 15ರಂದು ಸಂತ ಪದವಿ ಸಿಕ್ಕಿತು.

ಈ ಸಾಲುಗಳು 'ಇ'. ದಾರಿಯಲ್ಲಿ ಬಾಯಾರಿದಾಗ ಮೊಣಕೈಯಿಂದ ಬಂಡೆ ತಟ್ಟಿದ, ನೀರು ಬಂತು ಅನ್ನುವುದು 'ಪ'. ಆ ಜಾಗಕ್ಕೆ ಜನ ಈಗಲೂ ಹೋಗುತ್ತಾರೆ. ಆತನನ್ನು ಹಿಡಿದದ್ದು ನಂಬಿಕೆಗಾಗಿಯೋ ರಾಜಕೀಯ ಕಾರಣಕ್ಕೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಇದೆ. ದೊಡ್ಡ ಮಕ್ಕಳಿಗೆ ಈ ಜಗಳವನ್ನೂ ಹೇಳಿ. ಮುಚ್ಚಿಟ್ಟರೆ ಅವರೇ ಮೊಬೈಲಿನಲ್ಲಿ ಹುಡುಕಿ ಓದುತ್ತಾರೆ, ಆಮೇಲೆ ನಮ್ಮ ಮಾತನ್ನೇ ನಂಬುವುದಿಲ್ಲ.

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿರುವ ವಿಜಯಮಾತೆಯ ಚರ್ಚ್ ಹೆಸರಿನ ಹಿಂದೆಯೂ ಇತಿಹಾಸ ಇದೆ. 1571ರ ಅಕ್ಟೋಬರ್ 7ರಂದು ಲೆಪಾಂಟೊ ಸಮುದ್ರಯುದ್ಧದಲ್ಲಿ ಕ್ರೈಸ್ತ ಒಕ್ಕೂಟ ಆಟೊಮನ್ ನೌಕಾಪಡೆಯನ್ನು ಸೋಲಿಸಿತು. ಜಪಮಾಲೆಯ ಪ್ರಾರ್ಥನೆಯಿಂದ ಗೆದ್ದೆವು ಎಂದು ಪೋಪ್ ಐದನೇ ಪಯಸ್ ವಿಜಯಮಾತೆಯ ಹಬ್ಬ ಶುರು ಮಾಡಿದರು. ಅದೇ ಈಗಿನ ಜಪಮಾಲೆ ಮಾತೆಯ ಹಬ್ಬ. ಗಣಿ ಕೆಲಸದವರ ಪಾಲಕಿ ಸಂತ ಬಾರ್ಬರಾಳ ಕಥೆ ಇನ್ನೊಂದು ತರಹ. ಅದಕ್ಕೆ ಚರಿತ್ರೆಯ ಆಧಾರ ಗಟ್ಟಿಯಿಲ್ಲ ಎಂದು 1969ರಲ್ಲಿ ಧರ್ಮಸಭೆಯೇ ಆಕೆಯ ಹಬ್ಬವನ್ನು ರೋಮಿನ ಸಾಮಾನ್ಯ ಪಂಚಾಂಗದಿಂದ ಕೈಬಿಟ್ಟಿತು. ಅಂದರೆ ಪೆನ್ಸಿಲ್ ಹಿಡಿಯುವ ಕೆಲಸವನ್ನು ಧರ್ಮಸಭೆಯೂ ಮಾಡುತ್ತದೆ.

ಧ್ಯಾನದ ಪುಸ್ತಕವನ್ನು ಹೀಗೆ ಓದಬಾರದು

ಕಾದಂಬರಿಯನ್ನು ಒಂದೇ ಉಸಿರಿಗೆ ಓದಬಹುದು. ಧ್ಯಾನದ ಪುಸ್ತಕವನ್ನು ಹಾಗೆ ಓದಿದರೆ ಅಜೀರ್ಣ. ತೋಮಸ್ ಆ ಕೆಂಪಿಸ್ ಬರೆದ 'ಕ್ರಿಸ್ತನ ಅನುಕರಣೆ' 15ನೇ ಶತಮಾನದ್ದು. ನಾಲ್ಕು ಭಾಗ, ಅಧ್ಯಾಯಗಳು ಬಹಳ ಪುಟ್ಟವು. ಮಾರಿಕುಪ್ಪಂನಲ್ಲಿ ಬೆಂಗಳೂರಿನ ರೈಲು ಹತ್ತಿದವರು ಬಂಗಾರಪೇಟೆ ಬರುವಷ್ಟರಲ್ಲಿ ಒಂದನ್ನು ಎರಡು ಸಲ ಓದಬಹುದು. ಅಷ್ಟೇ ಓದಿ, ಮುಚ್ಚಿಡಿ. ಅದು ಮಠದವರಿಗೆ ಬರೆದದ್ದು, ಕೆಲವು ಕಡೆ ಲೋಕವೇ ಬೇಡ ಅನ್ನುವ ಹಾಗಿದೆ. ಮನೆ, ಮಕ್ಕಳು, ಡ್ಯೂಟಿ ಇರುವವರಿಗೆ ನಾನು ಕೊಡುವುದು ಸಂತ ಫ್ರಾನ್ಸಿಸ್ ಸೇಲ್ಸರ 'ಭಕ್ತಿಜೀವನಕ್ಕೆ ಪ್ರವೇಶ'. 1609ರ ಪುಸ್ತಕ. ಸೈನಿಕನ ಪಾಳೆಯ, ಕುಶಲಕರ್ಮಿಯ ಅಂಗಡಿ, ಮದುವೆಯಾದವರ ಮನೆ, ಎಲ್ಲ ಕಡೆಯೂ ಭಕ್ತಿಗೆ ಜಾಗ ಇದೆ ಎಂದು ಅವರು ಮೊದಲಲ್ಲೇ ಹೇಳಿಬಿಡುತ್ತಾರೆ.

ಇಲ್ಲಿ ಇ-ಪ-ಕ ಗುರುತು ಬೇಡ. ಆದರೆ ಪುಸ್ತಕ ನಮ್ಮ ಕೈಗೆ ಹೇಗೆ ಬಂತು ಎಂದು ಕೇಳಲೇಬೇಕು. ಲಿಸಿಯೂದ ಸಂತ ತೆರೇಸಾಳ 'ಒಂದು ಆತ್ಮದ ಕಥೆ' ನೋಡಿ. ಆಕೆ 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡಳು. ಮರುವರ್ಷ 2,000 ಪ್ರತಿ ಅಚ್ಚಾಯಿತು. ಆದರೆ ಅದನ್ನು ತಿದ್ದಿ ಜೋಡಿಸಿದವರು ಅದೇ ಮಠದಲ್ಲಿದ್ದ ಆಕೆಯ ಅಕ್ಕ ಪೌಲೀನ್. ಬೇರೆ ಬೇರೆಯವರಿಗೆ ಬರೆದ ಮೂರು ಬರಹಗಳನ್ನು ಒಂದೇ ಪುಸ್ತಕ ಮಾಡಿದರು, ಮಾತನ್ನೂ ಸಾಕಷ್ಟು ನಯ ಮಾಡಿದರು. ತೆರೇಸಾ ಬರೆದದ್ದು ಬರೆದ ಹಾಗೇ ಹೊರಬಂದದ್ದು 1956ರಲ್ಲಿ. ಹಾಗಾಗಿ ಕೊಳ್ಳುವಾಗ ಇವೆರಡರಲ್ಲಿ ಯಾವ ಪ್ರತಿಯಿಂದ ಅನುವಾದ ಮಾಡಿದ್ದು ಎಂದು ಮುನ್ನುಡಿಯಲ್ಲಿ ನೋಡಿ.

ಮೊದಲ ಪುಟಗಳಲ್ಲಿ ಬಿಷಪ್ಪರ ಮುದ್ರಣ ಅನುಮತಿ ಇರುತ್ತದೆ. ಪ್ರಾರ್ಥನಾ ಪುಸ್ತಕಕ್ಕೆ ಅದು ಬೇಕೇ ಬೇಕು, ಕಾದಂಬರಿಗೆ ಬೇಕಿಲ್ಲ. ವಿಶ್ವಾಸಕ್ಕೆ ಧಕ್ಕೆ ತರುವಂಥದ್ದು ಏನೂ ಇಲ್ಲ ಎಂಬುದಷ್ಟೇ ಅದರ ಅರ್ಥ. ಒಳಗಿರುವ ಇಸವಿಗಳಿಗೆಲ್ಲ ಗ್ಯಾರಂಟಿ ಎಂದಲ್ಲ.

ಈ ಎರಡು ಬಗೆಯ ಓದು ಒಬ್ಬನಲ್ಲೇ ಢಿಕ್ಕಿ ಹೊಡೆದದ್ದೂ ಇದೆ. 1521ರಲ್ಲಿ ಸ್ಪೇನಿನ ಪಂಪ್ಲೋನಾ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಇಗ್ನಾಸಿ ಮನೆಯಲ್ಲಿ ಮಲಗಿದ್ದ. ಹೊತ್ತು ಹೋಗಲು ವೀರಯೋಧರ ಪ್ರೇಮಕಥೆಗಳನ್ನು ಕೇಳಿದ. ಮನೆಯಲ್ಲಿದ್ದದ್ದು ಕ್ರಿಸ್ತನ ಜೀವನಚರಿತ್ರೆ, ಸಂತರ ಕಥೆಗಳು ಮಾತ್ರ. ಬೇರೆ ದಾರಿಯಿಲ್ಲದೆ ಅವನ್ನೇ ಓದಿದ. ಯಾವುದನ್ನು ನೆನೆದರೆ ಮನಸ್ಸು ಆಮೇಲೆ ಒಣಗುತ್ತದೆ, ಯಾವುದನ್ನು ನೆನೆದರೆ ನೆಮ್ಮದಿ ಉಳಿಯುತ್ತದೆ ಎಂದು ತನ್ನನ್ನೇ ಗಮನಿಸಿದ. ಮುಂದೆ ಯೇಸುಸಭೆ (ಜೆಸ್ವಿಟ್ ಪಾದ್ರಿಗಳ ಸಂಘ) ಕಟ್ಟಿದವನು ಇವನೇ.

ಯಾರಿಗೆ ಯಾವುದು

ಚಿಕ್ಕ ಮಕ್ಕಳಿಗೆ ಅಸ್ಸಿಸಿಯ ಫ್ರಾನ್ಸಿಸ್, ಗುಬ್ಬಿಯೊ ಊರಿನ ತೋಳದ ಕಥೆ ಚೆನ್ನ. ರಕ್ತಸಾಕ್ಷಿಗಳ (ನಂಬಿಕೆಗಾಗಿ ಜೀವ ಕೊಟ್ಟವರ) ಚಿತ್ರಹಿಂಸೆಯನ್ನು ಈ ವಯಸ್ಸಿನಲ್ಲಿ ವರ್ಣಿಸಬೇಡಿ, ರಾತ್ರಿ ಹೆದರಿಕೊಳ್ಳುತ್ತಾರೆ. ಹೈಸ್ಕೂಲಿನವರಿಗೆ 'ಬರ್ನದೆತ್ತಳ ಗೀತೆ' ಕೊಡಿ. ಲೂರ್ದು ಮಾತೆಯ ಗವಿ ನಮ್ಮ ಕಡೆ ಎಷ್ಟೋ ಚರ್ಚುಗಳ ಅಂಗಳದಲ್ಲಿದೆ, ಆದರೆ 1858ರಲ್ಲಿ ಫ್ರಾನ್ಸಿನ ಲೂರ್ದಿನಲ್ಲಿ ಮರಿಯಮಾತೆಯನ್ನು ಕಂಡೆ ಎಂದ 14 ವರ್ಷದ ಬರ್ನದೆತ್ತಳಿಗೆ ಪೊಲೀಸರು, ಪಾದ್ರಿಗಳು ಹಾಕಿದ ಪ್ರಶ್ನೆಗಳು ಮಕ್ಕಳಿಗೆ ಗೊತ್ತಿರುವುದಿಲ್ಲ. ಬರೆದ ಫ್ರಾನ್ಜ್ ವೆರ್ಫೆಲ್ ಯೆಹೂದಿ. 1940ರಲ್ಲಿ ನಾಜಿಗಳಿಂದ ಓಡಿಹೋಗುವಾಗ ಲೂರ್ದಿನಲ್ಲಿ ಆಶ್ರಯ ಸಿಕ್ಕಿತು, ಬದುಕಿ ಉಳಿದರೆ ಈ ಹುಡುಗಿಯ ಕಥೆ ಬರೆಯುತ್ತೇನೆ ಎಂದು ಹರಕೆ ಹೊತ್ತರು.

ಶುಸಾಕು ಎಂಡೋ ಅವರ 'ಮೌನ' (1966) ದೊಡ್ಡವರಿಗೆ ಮಾತ್ರ. 17ನೇ ಶತಮಾನದ ಜಪಾನಿನಲ್ಲಿ ಯೇಸುವಿನ ಚಿತ್ರವನ್ನು ತುಳಿಯಬೇಕು, ತುಳಿಯದಿದ್ದರೆ ಬೇರೆಯವರಿಗೆ ಹಿಂಸೆ. ಪಾದ್ರಿ ಏನು ಮಾಡಬೇಕು? ಕಥೆಯಲ್ಲಿ ನಂಬಿಕೆ ಬಿಟ್ಟ ಪಾದ್ರಿ ಫೆರೇರಾ ನಿಜವಾದ ವ್ಯಕ್ತಿ, 1633ರಲ್ಲಿ ಹಿಂಸೆ ತಾಳದೆ ಸೋತವನು. ಈ ಪುಸ್ತಕವನ್ನು ಒಬ್ಬರೇ ಓದಿ ಮುಗಿಸಬೇಡಿ, ಜೊತೆಗೆ ಮಾತಾಡಲು ಯಾರಾದರೂ ಇರಲಿ.

ಮುಂದಿನ ಸಲ 'ಕ್ವೋ ವಾಡಿಸ್'ನ ಬೆಂಕಿಯ ಅಧ್ಯಾಯಗಳನ್ನು ಗುರುತು ಹಾಕಿಕೊಂಡು ಬನ್ನಿ. ಟ್ಯಾಸಿಟಸ್ ಬರೆದ 'ವಾರ್ಷಿಕಗಳು' ಕೃತಿಯ 15ನೇ ಪುಸ್ತಕ, 44ನೇ ಭಾಗ ಒಂದೇ ಪುಟದಷ್ಟಿದೆ. ಅದರ ಜೆರಾಕ್ಸ್ ನಾನು ತರುತ್ತೇನೆ.